ಹರಕೆಯಲ್ಲದ ದಾಡಿ

ಸಾವಿರದ ಒಂಬೈನೂರ ತೊಂಬತ್ತೊಂದರ ಶ್ರಾವಣದಲ್ಲಿ ಸಿಂಧನೂರು ತಾಲ್ಲೂಕಿನ ವಳಕಮದಿನ್ನಿಯನ್ನು ಒಂದು ಘನವಾದ ಪ್ರಶ್ನೆ ಕಾಡತೊಡಗಿತು. ಆ ವರ್ಷ ದಿಲ್ಲಿಯಲ್ಲಿ ಸರಕಾರ ಬದಲಾಗಿತ್ತು. ಆ ಸುದ್ದಿ ಊರ ಕಟ್ಟೆಯ ಮೇಲೆ ಅರ್ಧ ತಾಸೂ ನಿಲ್ಲಲಿಲ್ಲ. ನಿಂತದ್ದು ಯಮನೂರಪ್ಪನ ದಾಡಿ. ಅದು ಯಾವ ದೇವರದು?

ಯಮನೂರಪ್ಪ ಕಾಲುವೆಯ ತೂಬು ಎತ್ತಿ ಇಳಿಸುವ ಕೆಲಸದವನು. ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂಬುದು ಅವನ ಬಾಯಲ್ಲೇ ಇರುತ್ತಿತ್ತು. ಪಾಳಿ ತಪ್ಪಿಸಿ ನೀರು ತಿರುಗಿಸಿಕೊಳ್ಳುವವರಿಗೆ ಬೇಕಾದ ಬೈಗುಳವೂ ಅಲ್ಲೇ ಇರುತ್ತಿತ್ತು. ಅಂಥವನು ಐದು ವಾರದಿಂದ ಮಾತು ಬಿಟ್ಟಿದ್ದ, ಒಪ್ಪೊತ್ತು ಉಣ್ಣುತ್ತಿದ್ದ, ದಾಡಿ ಬೆಳೆಸಿದ್ದ. ಊರು ಈ ಮೂರನ್ನೂ ಕೂಡಿಸಿ ನೋಡಿ, ಹರಕೆ ಎಂದು ತೀರ್ಮಾನಿಸಿತು.

“ಮಾತು ಬಿಟ್ಟಾನಂದ್ರ ಅದು ತಿಂಥಣಿ ಮೋನಪ್ಪಂದ” ಎಂದಿತು ಒಂದು ಗುಂಪು.

“ಒಪ್ಪತ್ತು ಉಣ್ಣಾಕತ್ಯಾನಲ್ಲೋ, ಅದು ಅಂಬಮ್ಮಂದು” ಎಂದಿತು ಇನ್ನೊಂದು.

ಯಮನೂರಪ್ಪನನ್ನೇ ಕೇಳಬಹುದಿತ್ತು. ಆದರೆ ಹರಕೆ ಹೊತ್ತವನನ್ನು ಏನು, ಯಾಕೆ ಎಂದು ಕೇಳಬಾರದು, ಕೇಳಿದರೆ ಫಲ ಹೋಗುತ್ತದೆ ಎಂಬುದು ಊರಿನ ಕಟ್ಟಳೆ. ಹೀಗಾಗಿ ಆ ಮನುಷ್ಯನಿಗೆ ಏನಾಗಿದೆ ಎಂದು ಐದು ವಾರ ಯಾರೂ ಕೇಳಲಿಲ್ಲ. ಎಲ್ಲರೂ ಭಕ್ತಿಯಿಂದ ಸುಮ್ಮನಿದ್ದರು.

ಅವನ ಹೆಂಡತಿ ಗದ್ದೆಮ್ಮನೂ ಮೊದಲು ಹಾಗೇ ನಂಬಿದ್ದಳು. ಆದರೆ ಊರು ಕಾಣದ್ದನ್ನು ಅವಳು ಕಾಣುತ್ತಿದ್ದಳು. ಗಂಡ ಕೋಳಿ ಕೂಗುವ ಮುಂಚೆಯೇ ಎದ್ದು ಗೋಡೆಗೆ ಒರಗಿ ಕೂತಿರುತ್ತಿದ್ದ. ಕೈ ಮುಗಿದದ್ದಿಲ್ಲ, ಊದುಬತ್ತಿ ಹಚ್ಚಿದ್ದಿಲ್ಲ. ತಾಟಿನ ಮುಂದೆ ಕೂತರೆ ಅನ್ನ ಆರಿ ಒಣಗುವ ತನಕ ಅದನ್ನೇ ನೋಡುತ್ತಿದ್ದ. ದೇವರಿಗಾಗಿ ಊಟ ಬಿಟ್ಟವನಿಗೂ ಊಟವೇ ಬೇಡವಾದವನಿಗೂ ಇರುವ ಅಂತರ ಬಡಿಸುವವಳಿಗೆ ತಿಳಿಯುತ್ತದೆ. ಆದರೆ ಅದನ್ನು ಯಾರ ಮುಂದೆ ಹೇಳುವುದು?

ಅಷ್ಟರಲ್ಲಿ ಸುದ್ದಿ ಕೇಳಿ ಪಾಮನಕಲ್ಲೂರಿನಿಂದ ಯಮನೂರಪ್ಪನ ಅಕ್ಕ ಜೋಗಮ್ಮ ಬಂದಿಳಿದಳು. ಮಸ್ಕಿಯಲ್ಲಿ ಒಂದು ಬಸ್ಸು, ಸಿಂಧನೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು, ಎರಡರಲ್ಲೂ ತಮ್ಮನ ಭಕ್ತಿಯನ್ನು ಹಂಚಿಕೊಂಡು ಬಂದಿದ್ದಳು. ಬಂದವಳೇ ತಮ್ಮನ ಹಣೆಗೆ ವಿಭೂತಿ ಹಚ್ಚಿ, ಮಾತಾಡಿಸದೆ ಒಳಗೆ ಹೋದಳು. ಕಟ್ಟಳೆ ಅಂದರೆ ಕಟ್ಟಳೆ.

ಮರುದಿನ ಮುಂಜಾನೆ ದಾಡಿ ಮಾಡುವ ಹುಸೇನ್‌ಸಾಬ್ ಚೀಲ ಹಿಡಿದು ಅವರ ಮನೆಯ ಮುಂದಿನ ಕಟ್ಟೆಗೆ ಬಂದು ಕೂತ.

“ಕತ್ತಿ ತಗೀಬ್ಯಾಡಪಾ, ಹರಕಿ ಐತಿ” ಎಂದಳು ಜೋಗಮ್ಮ ಒಳಗಿನಿಂದಲೇ.

“ಯಾವ ಹರಕಿ?”

“ಅದನ್ನ ಕೇಳಬಾರದು.”

“ನಾ ಕೇಳಬಾರದು, ಖರೆ. ಆದ್ರ ಅಂವ ನನಗ ಹೇಳಬೇಕಲ್ಲಬೇ! ಕತ್ತಿ ಹಿಡದು ನಲವತ್ತು ವರ್ಷ ಆತು. ಹರಕಿ ಹೊತ್ತಾಂವ ಮೊದ್ಲು ನನ್ನ ಕೈಯಾಗ ಎಲಿ ಅಡಿಕಿ ಇಟ್ಟು, ‘ಹುಸೇನ್‌ಸಾಬ, ಇಂಥಾ ದಿನದ ತನಕ ಕತ್ತಿ ಹಚ್ಚಬ್ಯಾಡ’ ಅಂತಾನ. ಇಲ್ಲಂದ್ರ ನಾ ಮರತು ಅರ್ಧ ಕೆರದುಬಿಟ್ರ ದೇವರಿಗೆ ಯಾರು ಜವಾಬು ಕೊಡಬೇಕು? ಯಮನೂರಪ್ಪ ನನಗ ಎಲಿ ಕೊಟ್ಟಿಲ್ಲ. ಯಾವ ದಿನದ ತನಕ ಅಂತಾನೂ ಹೇಳಿಲ್ಲ.”

ಅಕ್ಕಿ ಕೇರುತ್ತಿದ್ದ ಗದ್ದೆಮ್ಮನ ಮೊರ ನಿಂತಿತು. ಹುಸೇನ್‌ಸಾಬನಿಗೆ ಇಡೀ ಊರು ವರ್ಷದ ಕೂಲಿಯಾಗಿ ಸುಗ್ಗಿಯಲ್ಲಿ ಭತ್ತ ಅಳೆಯುತ್ತದೆ. ದಾಡಿ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಒಂದು ದಾಡಿ ಕಡಿಮೆಯಾದರೆ ಅವನಿಗೆ ಅಷ್ಟು ಕೆಲಸ ತಪ್ಪಿತು. ತನ್ನ ಸುಖ ಬಿಟ್ಟು ಮಾತಾಡುವವನ ಮಾತು ನಂಬಬಹುದು ಎಂದುಕೊಂಡಳು.

“ಕಾಕಾ, ಹಂಗಾರ ಇವರಿಗೆ ಏನಾಗೈತಿ?”

“ನನ್ನ ತಮ್ಮ ಬಾಬುಸಾಬ್ ಇದ್ದಾನಲ್ಲ, ಸಿಂಧನೂರಾಗ ಟೇಲರ್, ಅಂವ ಮೂರು ವರ್ಷದ ಹಿಂದ ಹಿಂಗ ಗ್ವಾಡಿ ನೋಡ್ಕೋತ ಕುಂತಿದ್ದ. ನಾವು ಗಾಳಿ ಅಂದ್ವಿ. ತಾಯತ ಕಟ್ಟಿದ್ವಿ. ದರ್ಗಾದ್ದೊಂದು, ಗುಡೀದೊಂದು. ಯಾರಿಗೂ ಬ್ಯಾಸರ ಆಗಬಾರದು ನೋಡು. ಕಡೀಕ ಸರಕಾರಿ ದವಾಖಾನಿಗೆ ಹೋದ್ವಿ. ಮನಸಿನ ಜಡ್ಡು ಅಂದ್ರು, ಗುಳಿಗಿ ಕೊಟ್ರು. ಈಗ ನಿನ್ನ ಮನಿಯವನ ಅಂಗಿ ಹೊಲದಾಂವ ಅವನಾ.”

ಜೋಗಮ್ಮ ಸೆರಗು ಬಿಗಿದು ಹೊರಗೆ ಬಂದಳು. “ಹುಚ್ಚಿನ ಗುಳಿಗಿ?”

“ಹುಚ್ಚಲ್ಲಬೇ, ಜಡ್ಡು. ಮೈಗೆ ಜ್ವರ ಬರೂದಿಲ್ಲೇನು, ಹಂಗ ಮನಸಿಗೆ.”

“ಒಮ್ಮಿ ಹೋದ್ರ ದೂರದ ಊರಿಗೆ ಒಯ್ದು ಕ್ವಾಣ್ಯಾಗ ಹಾಕಿ ಕೀಲಿ ಜಡೀತಾರ! ಮಂದಿ ಹಂಗ ಅಂತಾರ. ಲಿಂಗಸುಗೂರಿನ ನಮ್ಮ ಬೀಗರಿಗೆ ನನ್ನ ತಮ್ಮ ಹರಕಿಯಾಂವ ಅಂತ ಹೇಳೀನಿ. ಇನ್ನ ಹೋಗಿ ಹುಚ್ಚ ಅಂತ ಹೇಳಲೇನು?”

“ನೀ ಏನರ ಹೇಳ ಯಕ್ಕಾ” ಎಂದಳು ಗದ್ದೆಮ್ಮ. ಅವಳ ದನಿ ತಗ್ಗಿತ್ತು. “ಮೊನ್ನಿ ಕಾಲುವಿ ದಂಡಿಗೆ ಬುತ್ತಿ ಒಯ್ದಿದ್ದೆ. ನೀರು ನೋಡ್ಕೋತ ಕುಂತಿದ್ರು. ‘ನಾ ಇಲ್ಲಂದ್ರ ನಿನಗ ಹಗುರ ಆಗ್ತೈತಿ’ ಅಂದ್ರು. ಐದು ವಾರದಾಗ ಅವರು ಆಡಿದ್ದು ಅದೊಂದ ಮಾತು. ಹರಕಿಯಾಂವ ಹಂಗ ಅಂತಾನೇನು?”

ಗೋಡೆಗೆ ಒರಗಿ ಕೂತಿದ್ದ ತಮ್ಮನ ಕಡೆ ಜೋಗಮ್ಮ ತಿರುಗಿ ನೋಡಿದಳು.

ಹುಸೇನ್‌ಸಾಬ್ ಚೀಲದ ದಾರ ಕಟ್ಟಿದ. “ಇದಕ್ಕ ನಾಳಿ ಅನ್ನಂಗಿಲ್ಲ. ಹತ್ತೂವರಿ ಬಸ್ಸಿಗೆ ನಡೀರಿ. ಅಲ್ಲೀ ತನಕ ಅವನ್ನ ಒಬ್ಬನ್ನ ಬಿಡಬ್ಯಾಡ್ರಿ.” ಆಮೇಲೆ ಯಮನೂರಪ್ಪನ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತ.

“ತಮ್ಮಾ, ನಿದ್ದಿ ಬರ್ತೈತೇನು?”

“ಇಲ್ಲ” ಎಂದ ಯಮನೂರಪ್ಪ.

“ದವಾಖಾನಿಗೆ ಹೋಗೋಣೇನು, ನಾನೂ ಬರ್ತೀನಿ?”

“ಹೂಂ.”

ಊರು ಐದು ವಾರ ಕೇಳದೆ ಕಾದದ್ದನ್ನು ಹುಸೇನ್‌ಸಾಬ್ ಎರಡು ಪ್ರಶ್ನೆಯಲ್ಲಿ ಕೇಳಿ ಮುಗಿಸಿದ.

ಜೋಗಮ್ಮನೂ ಹೊರಟಳು, ಕೀಲಿ ಜಡಿಯುವವರಿದ್ದರೆ ತಡೆಯಲು. ಬಸ್ಸಿನಲ್ಲಿ ಎಲ್ಲಿಗೆ ಎಂದು ಕೇಳಿದವರಿಗೆಲ್ಲ “ಹಲ್ಲುನೋವು” ಎಂದಳು. ಯಾರ ಹಲ್ಲು ಎಂದು ಹೇಳಲಿಲ್ಲ.

ಸಿಂಧನೂರಿನ ಸರಕಾರಿ ದವಾಖಾನೆಯ ಕಿಟಕಿಯಲ್ಲಿ ಚೀಟಿ ಮಾಡಿಸಲು ಬಿದ್ದ ಖರ್ಚು ಒಂದು ಚಹಾದಷ್ಟು. ಒಳಗಿದ್ದ ಡಾಕ್ಟರಮ್ಮ ಮನಸ್ಸಿನ ಕಾಯಿಲೆಗಳ ಬಗ್ಗೆ ತರಬೇತಿ ಪಡೆದು ಬಂದವರು. ಆದರೆ ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ ಕೆಮ್ಮು ನೆಗಡಿಯನ್ನೂ ನೋಡುತ್ತಿದ್ದರು. ಗದ್ದೆಮ್ಮನಿಗೆ ಅದು ಧೈರ್ಯ ಕೊಟ್ಟಿತು. ಸಾಲಿನಲ್ಲಿ ಯಾರಿಗೆ ಯಾವ ಜಡ್ಡು ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

ಡಾಕ್ಟರಮ್ಮ ನಿದ್ದೆ ಕೇಳಿದರು, ಊಟ ಕೇಳಿದರು, ಕೆಲಸದಲ್ಲಿ ಮನಸ್ಸಿದೆಯೇ ಕೇಳಿದರು. ಕೊನೆಗೆ, “ಬದುಕೋದೇ ಬೇಡ ಅಂತ ಅನ್ನಿಸುತ್ತಾ?” ಎಂದರು.

“ಅಯ್ಯ, ಅಂಥಾದ್ದು ಕೇಳಬಾರದ್ರಿ!” ಜೋಗಮ್ಮ ಎದ್ದೇ ನಿಂತಳು. “ಇಲ್ಲದ್ದು ತಲ್ಯಾಗ ಹೊಕ್ಕೋತೈತಿ.”

“ಕೇಳಿದರೆ ಹೊಸದಾಗಿ ಹೋಗಿ ಕೂರೋದಿಲ್ಲಮ್ಮ. ಒಳಗೆ ಇದ್ದರೆ ಹೊರಗೆ ಬರುತ್ತೆ.”

“ಅನಸ್ತೈತ್ರಿ” ಎಂದ ಯಮನೂರಪ್ಪ. ಆಮೇಲೆ ಅತ್ತ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಗದ್ದೆಮ್ಮ ಕಂಡಿರಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟಳು. ಜೋಗಮ್ಮ ಮೆಲ್ಲಗೆ ಕೂತಳು.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಇದು ಖಿನ್ನತೆ ಎಂಬ ಕಾಯಿಲೆ. ಸೋಮಾರಿತನವಲ್ಲ, ಹುಚ್ಚಲ್ಲ, ಯಾರ ಶಾಪವೂ ಅಲ್ಲ. ಗುಳಿಗೆ ಇಲ್ಲಿಯೇ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಗುಣ ಕಾಣಲು ಮೂರು ನಾಲ್ಕು ವಾರ ಬೇಕು. ಗುಳಿಗೆ ಹೆಂಡತಿಯ ಹತ್ತಿರವೇ ಇರಲಿ, ಒಂದು ವಾರದ್ದಕ್ಕಿಂತ ಹೆಚ್ಚು ಮನೆಯಲ್ಲಿ ಬೇಡ. ಅವನು ಚೇತರಿಸಿಕೊಳ್ಳುವ ತನಕ ಕಾಲುವೆಗೆ ಒಬ್ಬನೇ ಹೋಗಬಾರದು. ಇಲ್ಲಿ ಗುಣವಾಗದಿದ್ದರೆ ರಾಯಚೂರಿಗೆ ಚೀಟಿ ಬರೆದುಕೊಡುತ್ತೇನೆ.

“ಕೀಲಿ?” ಎಂದು ಕೇಳಿದಳು ಜೋಗಮ್ಮ.

“ಯಾವ ಕೀಲಿ?” ಎಂದರು ಡಾಕ್ಟರಮ್ಮ.

ಆರು ದಿನ ಕಳೆಯಿತು. ಯಮನೂರಪ್ಪನ ಬಾಯಿ ಒಣಗಿತು, ಮಂಪರು ಹತ್ತಿತು, ಮುಖ ಮಾತ್ರ ಹಾಗೇ ಇತ್ತು.

“ಹೋದದ್ದು ಹೋತು, ಇನ್ನ ನಿಲ್ಸು” ಎಂದಳು ಜೋಗಮ್ಮ.

“ನೀನೂ ನಾನೂ ಡಾಕ್ಟರಲ್ಲ, ಯಕ್ಕಾ. ಹೋಗಿ ಕೇಳ್ಕೊಂಡು ಬರೋಣು.”

ಮುಂದಿನ ವಾರದ ಗುಳಿಗೆ ತರಲು ಹೇಗೂ ಹೋಗಬೇಕಿತ್ತು. ಬಾಯಿ ಒಣಗುವುದು ಈ ಔಷಧಿಯಲ್ಲಿ ಇದ್ದದ್ದೇ, ನೀರು ಕುಡಿಯಲಿ, ನಿಲ್ಲಿಸಬೇಡಿ ಎಂದರು ಡಾಕ್ಟರಮ್ಮ. ಗದ್ದೆಮ್ಮ ನಿಲ್ಲಿಸಲಿಲ್ಲ. ತೂಬಿಗೆ ಹೋಗುವಾಗ ದಿನಕ್ಕೊಬ್ಬರು ಅವನ ಜೊತೆ ಹೋದರು. ಇದು ಜಡ್ಡು ಎಂದು ಗದ್ದೆಮ್ಮ ಹೇಳಿದ ಮೇಲೆ ಹರಕೆಯ ಗುಂಪುಗಳೆರಡೂ ಪಾಳಿ ಹಾಕಿಕೊಂಡವು. ಊರಿಗೆ ಪಾಳಿ ಹೊಸದಲ್ಲ.

ಇಪ್ಪತ್ತನಾಲ್ಕನೆಯ ದಿನ, ಗದ್ದೆಮ್ಮ ಕಳೆ ತೆಗೆಯುತ್ತಿದ್ದಾಗ, ತೂಬಿನ ಕಡೆಯಿಂದ ಯಮನೂರಪ್ಪನ ದನಿ ಕೇಳಿಸಿತು. ಪಾಳಿ ತಪ್ಪಿಸಿ ಬದು ಒಡೆದವನೊಬ್ಬನ ಮೂರು ತಲೆಮಾರನ್ನು ಹಿಡಿದು ಬೈಯುತ್ತಿದ್ದ. ಗದ್ದೆಮ್ಮ ಕೆಸರಲ್ಲಿ ನೆಟ್ಟಗೆ ನಿಂತು, ಕೊನೆಯ ತನಕ ಕೇಳಿದಳು.

ಆ ವಾರ ದಾಡಿಯೂ ಹೋಯಿತು. ಜೋಗಮ್ಮನಿಗೆ ಲೆಕ್ಕ ಸರಿಯಾಯಿತು. “ದಾಡಿ ಹೋತು. ಇನ್ನ ಗುಳಿಗಿ ಯಾಕಬೇ? ಎಲ್ಲಾ ಮುಗದಂಗ ಅಲ್ಲೇನು?”

“ಅದು ಹರಕಿ ಆಗಿದ್ರ ಮುಗೀತಿತ್ತು. ಜಡ್ಡು ಐತಿ. ಡಾಕ್ಟರಮ್ಮ ಸಾಕು ಅನ್ನೋ ತನಕ ನಿಲ್ಸಂಗಿಲ್ಲ” ಎಂದಳು ಗದ್ದೆಮ್ಮ.

ಜೋಗಮ್ಮ ಪಾಮನಕಲ್ಲೂರಿಗೆ ಮರಳಿದಳು. ದೀಪಾವಳಿ ಕಳೆದ ಮೇಲೆ ಅವಳ ಓಣಿಯಲ್ಲಿ ಬಾಣಂತಿಯೊಬ್ಬಳು ಕೂಸಿನ ಕಡೆಗೂ ನೋಡದೆ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಹೊರಗಿನ ಗಾಳಿ ಸೋಕಿದೆ, ಹೊಸ್ತಿಲು ದಾಟಿಸಬೇಡಿ ಎಂದರು ಓಣಿಯವರು. ಜೋಗಮ್ಮ ಒಳಗೆ ನುಗ್ಗಿ, “ತಂಗೀ, ನಿದ್ದಿ ಬರ್ತೈತೇನು?” ಎಂದು ಕೇಳಿದಳು. ಮರುದಿನ ಅವಳೊಂದಿಗೆ ಹತ್ತಿದ ಮಸ್ಕಿಯ ಬಸ್ಸಿನಲ್ಲಿ ಎಲ್ಲಿಗೆ ಎಂದವರಿಗೆ, “ದವಾಖಾನಿಗೆ. ಮನಸಿನ ಜಡ್ಡು ತೋರ್ಸಾಕ. ನಿಮ್ಮನ್ಯಾಗ ಯಾರರ ಅದಾರೇನು?” ಎಂದಳು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಯಾರಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಮಾತು ಬಿಟ್ಟಿರಬಹುದು. ಅದಕ್ಕೊಂದು ಒಳ್ಳೆಯ ಹೆಸರು ಹುಡುಕುತ್ತ ಕೂರಬೇಡಿ. ಪಕ್ಕ ಕೂತು ಕೇಳಿ. ಬದುಕು ಬೇಡ ಎಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ದೇವರಿಗೆ ಕೈ ಮುಗಿಯುವುದನ್ನು ಯಾರೂ ಬೇಡ ಅನ್ನುವುದಿಲ್ಲ. ಮುಗಿದು, ಬಸ್ಸು ಹತ್ತಿರಿ. ಆ ಆಸ್ಪತ್ರೆಯಲ್ಲಿ ಗುಣವಾಗದಿದ್ದರೆ ಎಲ್ಲಿಗೆ ಹೋಗಬೇಕೆಂದು ಅಲ್ಲಿಯ ಡಾಕ್ಟರನ್ನೇ ಕೇಳಿ, ಚೀಟಿ ಬರೆಸಿಕೊಳ್ಳಿ. ಗುಣ ಕಂಡ ಕೂಡಲೇ ಔಷಧಿ ಬಿಡಬೇಡಿ.

ಯಮನೂರಪ್ಪ ಒಂಬತ್ತು ತಿಂಗಳು ಗುಳಿಗೆ ತೆಗೆದುಕೊಂಡ. ಡಾಕ್ಟರಮ್ಮ ಸಾಕೆಂದ ಮೇಲೆ ನಿಲ್ಲಿಸಿದ. ಬದುಕಿದ್ದಾನೆ.