ಮಾಜಿ ಅಧಿಕಾರಿಯೊಬ್ಬರು

ಅಂಕಾರಾದ ವಿಶ್ವವಿದ್ಯಾಲಯದಲ್ಲಿ ಶೆಬ್ನೆಮ್ ಡಾಕ್ಟರೇಟಿಗಾಗಿ ಆರು ವರ್ಷ ಒಂದೇ ಪ್ರಶ್ನೆಗೆ ಜೋತುಬಿದ್ದಿದ್ದಳು. ತುರ್ಕಿ ದೇಶ ಹೊರಗಿನವರ ಮುಂದೆ ನಿಂತು 'ನಾವು' ಅಂದಾಗ ಆ ನಾವು ಯಾರು? ಒಂದು ಕಾಲಕ್ಕೆ ವಿದೇಶಾಂಗ ಮಂತ್ರಿಗಳು 'ನಾವು ಯೂರೋಪಿನ ಮನೆಯವರು' ಅಂತಿದ್ದರು. ಆಮೇಲೆ 'ನಮ್ಮದು ಬೇರೆಯೇ ನಾಗರಿಕತೆ' ಅಂದರು. ಎಲ್ಲಿ ತಿರುಗಿತು ಈ ಮಾತು, ಯಾರು ತಿರುಗಿಸಿದರು? ಮೂರು ಸಾವಿರ ಭಾಷಣ ಓದಿ ಕಣ್ಣು ಹಾಳು ಮಾಡಿಕೊಂಡರೂ ಉತ್ತರ ಸಿಕ್ಕಿರಲಿಲ್ಲ.

ಕೊನೆಗೆ ಉತ್ತರ ಕೊಟ್ಟವರು ಅವಳ ಮಾರ್ಗದರ್ಶಕರೇ, ಹಲ್ದೂನ್ ಹೋಜಾ, ಅಂದರೆ ಹಲ್ದೂನ್ ಮೇಷ್ಟ್ರು. ಪಾಠ ಹೇಳಲು ಬರುವ ಮುಂಚೆ ಅವರು ವಿದೇಶಾಂಗ ಇಲಾಖೆಯಲ್ಲಿ ಭಾಷಣ ಬರೆಯುತ್ತಿದ್ದರು.

"ಯೂರೋಪಿನವರು ಮುಖಕ್ಕೆ ಬಾಗಿಲು ಹಾಕಿದ ದಿನ ನಾನೇ ಆ 'ಯೂರೋಪಿನ ಮನೆ' ಸಾಲು ಹೊಡೆದುಹಾಕಿ 'ಬೇರೆ ನಾಗರಿಕತೆ' ಅಂತ ಹಾಕಿದೆ ಮಗಳೇ. ಇತಿಹಾಸವೂ ಇಲ್ಲ, ಮಣ್ಣೂ ಇಲ್ಲ. ಹೊಟ್ಟೆ ಉರೀತಿತ್ತು, ಬರೆದೆ. ಮಂತ್ರಿ ಓದಿದ್ರು, ಜನ ಚಪ್ಪಾಳೆ ತಟ್ಟಿದ್ರು, ಅದೇ ನಿಂತುಬಿಡ್ತು."

ಹೆಸರು ಹಾಕಬೇಡ ಅಂದರು. ಅವಳು ಮಾತು ಕೊಟ್ಟಳು. "ಪರೀಕ್ಷೇಲಿ ಯಾರಾದ್ರೂ ಕೆದಕಿದ್ರೆ ನಾನೇ ಬಾಯಿ ಬಿಡ್ತೀನಿ" ಅಂತ ಅವರೂ ಮಾತು ಕೊಟ್ಟರು. ಹಾಗಾಗಿ ನಾಲ್ಕನೇ ಅಧ್ಯಾಯದ ತುಂಬ 'ಮಾಜಿ ಅಧಿಕಾರಿಯೊಬ್ಬರು' ಅಂತಲೇ ಇತ್ತು. ಇಡೀ ಪ್ರಬಂಧ ಆ ಒಬ್ಬರ ಮೇಲೆ ನಿಂತಿತ್ತು.

ಮೌಖಿಕ ಪರೀಕ್ಷೆಯ ದಿನ ಹಲ್ದೂನ್ ಹೋಜಾ ಸೇರಿ ಐದು ಜನ ಪರೀಕ್ಷಕರು ಕೂತರು. ಶೆಬ್ನೆಮ್‌ಳ ತಾಯಿ ಚೀಸು ತುಂಬಿ ಸುಟ್ಟು ಕಳಿಸಿದ್ದ ಬೋರೆಕ್ ಮೇಜಿನ ಮೇಲಿತ್ತು. ಪರೀಕ್ಷಕರಿಗೆ ತಿನ್ನಿಸದೆ ಡಾಕ್ಟರೇಟ್ ಕೇಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಹೊರಗಿನಿಂದ ಬಂದಿದ್ದ ಪರೀಕ್ಷಕ ವೆದಾತ್ ಬೇ ಎರಡನೇ ತುಂಡಿಗೆ ಕೈಹಾಕುತ್ತ ಹಲ್ದೂನ್ ಹೋಜಾರನ್ನು ಕಿಚಾಯಿಸಿದರು: "ಏನು ರಾಯಭಾರಿಗಳೇ, ಮುಂದಿನ ವಾರ ನೇಮಕದ ಆದೇಶ ಬರುತ್ತಂತೆ, ನಮ್ಮನ್ನ ಮರೀಬೇಡಿ."

ಇದು ಶೆಬ್ನೆಮ್‌ಗೆ ಹೊಸ ಸುದ್ದಿ. ರಾಯಭಾರಿಯಾಗಿ ಹೊರಟವರು ಸರ್ಕಾರದ ಮಾತು ತಾನೇ ಕಟ್ಟಿದ್ದು ಅಂತ ಈಗ ಬಾಯಿ ಬಿಟ್ಟಾರೆಯೇ?

ವೆದಾತ್ ಬೇ ನಾಲ್ಕನೇ ಅಧ್ಯಾಯ ತೆರೆದರು. "ಯಾರಮ್ಮ ಈ ಮಾಜಿ ಅಧಿಕಾರಿ? ಒಬ್ಬ ಗುಮಾಸ್ತನ ಸಿಟ್ಟಿನಿಂದ ನಮ್ಮ ನಾಗರಿಕತೆ ಹುಟ್ಟಿತು ಅಂತೀಯಲ್ಲ, ಆ ಮನುಷ್ಯ ನಿಜವಾಗ್ಲೂ ಇದಾನಾ, ಇಲ್ಲ ನೀನೇ ಕಟ್ಟಿದ ಕತೆಯಾ?"

"ಇದಾರೆ. ಹೆಸರು ಹೇಳೋ ಹಾಗಿಲ್ಲ," ಅಂದವಳು ಹಲ್ದೂನ್ ಹೋಜಾರ ಕಡೆ ನೋಡಿದಳು. ಅವರು ಚಹಾದಲ್ಲಿ ಸಕ್ಕರೆ ಕಲಕುತ್ತಿದ್ದರು. ಕರಗಿ ಎಷ್ಟೋ ಹೊತ್ತಾಗಿತ್ತು, ಇನ್ನೂ ಕಲಕುತ್ತಲೇ ಇದ್ದರು ಮಹಾನುಭಾವರು.

"ಹೋಜಾ, ನೀವೇನಂತೀರಿ?" ಎಂದರು ವೆದಾತ್ ಬೇ.

"ನಾನೂ ಎಚ್ಚರಿಸಿದ್ದೆ. ಹುಡುಗಿಗೆ ಉತ್ಸಾಹ ಜಾಸ್ತಿ. ನಾವು ಮೊದಲಿಂದಲೂ ಹೀಗೇ ಇದ್ದವರು, ಬದಲಾಗಿದ್ದು ಎಲ್ಲಿ?"

ಆ ಹೆಸರು ಶೆಬ್ನೆಮ್‌ಳ ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟಿದ್ದರೆ ಆರು ವರ್ಷದ ದುಡಿಮೆ ಉಳಿಯುತ್ತಿತ್ತು. ಆದರೆ ನಂಬಿ ಹೇಳಿದವರನ್ನು ಬಿಟ್ಟುಕೊಡುವವಳ ಮುಂದೆ ನಾಳೆ ಯಾರು ಬಾಯಿ ಬಿಡುತ್ತಾರೆ? ಮಗಳೇ ಮಗಳೇ ಅಂತ ಕರೆದು ಕತ್ತು ಕೊಯ್ದರಲ್ಲ ಅಂತ ಒಳಗೇ ಕುದಿಯುತ್ತ ಹೆಸರು ನುಂಗಿಕೊಂಡು ಪ್ರಬಂಧ ಮುಚ್ಚಿದಳು.

ಅವಳನ್ನು ಹತ್ತು ನಿಮಿಷ ಹೊರಗೆ ನಿಲ್ಲಿಸಿ ಮತ್ತೆ ಕರೆದರು. ಎಲ್ಲರೂ ಎದ್ದು ನಿಂತ ಮೇಲೆ ತೀರ್ಪು ಓದಿದರು: ನಾಲ್ಕನೇ ಅಧ್ಯಾಯ ಕಿತ್ತುಹಾಕಿ ಆರು ತಿಂಗಳೊಳಗೆ ತಿದ್ದಿ ತರಬೇಕು. ಐವರದೂ ಸಹಿ ಇತ್ತು. ಮೊದಲನೆಯದು ಹಲ್ದೂನ್ ಹೋಜಾರದು.

ಕಾರಿಡಾರಿನಲ್ಲಿ ಅವರು ಹಿಂದೆಯೇ ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. "ನನ್ನ ಹೆಸರು ಎತ್ತಲಿಲ್ಲ ನೀನು. ಇದನ್ನ ನಾನು ಮರೆಯಲ್ಲ ಮಗಳೇ."

ಶೆಬ್ನೆಮ್ ಆ ಕೈಯನ್ನು ಸರಿಸಿದಳು. "ನಾನು ಮಾತು ಕೊಟ್ಟಿದ್ದೆ. ನೀವೂ ಕೊಟ್ಟಿದ್ರಿ."

ಯಾರಾದರೂ ಕೇಳಿಸಿಕೊಂಡರೇನೋ ಅಂತ ಹೋಜಾ ಆಚೆ ಈಚೆ ನೋಡಿದರು.