ಬೂತಾಯಿ ಬಂದ ವಾರ

ತನ್ನ ಅಮ್ಮನನ್ನು ಒಂದು ಸಲವಾದರೂ ಆ ಮನೆಯ ಜಗಲಿಯಲ್ಲಿ ಕೂರಿಸಬೇಕು ಅನ್ನುವುದು ನನ್ನ ಗಂಡ ಭೇಕಾನಿಯ ಹಟವಾಗಿತ್ತು.

ಡರ್ಬನ್ನಿನಿಂದ ಕೆಳಗೆ, ದಕ್ಷಿಣ ತೀರದ ಸಣ್ಣ ಊರೊಂದರಲ್ಲಿ ಬಂಡೆಗಳ ಮೇಲೆ ನಿಂತ ಬಿಳಿ ಮನೆ ಅದು. ಹಿಂದೆ ಒಂದು ಬಿಳಿಯರ ಕುಟುಂಬ ಅದನ್ನು ರಜೆಗೆಂದೇ ಇಟ್ಟುಕೊಂಡಿತ್ತು. ನನ್ನ ಅತ್ತೆ ಮಾಜೋಂಡಿ ಆ ಕುಟುಂಬಕ್ಕೆ ಅಡುಗೆ ಮಾಡಿಕೊಂಡು, ಅವರ ಮಗ ಕ್ರೇಗ್‌ನನ್ನು ನೋಡಿಕೊಂಡು ಇದ್ದವರು. ಆ ಮನೆಯವರು ಕಡಲಿಗೆ ಹೊರಟರೆ ಅತ್ತೆಯೂ ಹೊರಡಬೇಕು. ಕ್ರಿಸ್ಮಸ್‌ಗೆ ಒಮ್ಮೆ, ಚಳಿಗಾಲದಲ್ಲಿ ಬೂತಾಯಿ ಮೀನಿನ ಹಿಂಡು ಬರುವಾಗ ಇನ್ನೊಮ್ಮೆ. ಆಗೆಲ್ಲ ಭೇಕಾನಿ ದೂರದ ತಮ್ಮೂರು ಮ್ಸಿಂಗಾದ ಗುಡ್ಡದಲ್ಲಿ ಅಜ್ಜಿಯ ಹತ್ತಿರ ಆಡು ಕಾಯುತ್ತಿದ್ದ. "ನಮ್ಮನೇಲಿ ಕ್ರಿಸ್ಮಸ್ ಅಮ್ಮನ ಜೊತೆ ಜನವರೀಲಿ ಬರ್ತಿತ್ತು" ಎಂದು ಅವನು ಗೆಳೆಯರ ಮುಂದೆ ಹೇಳಿ ನಗುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಆ ನಗು ಬಾಯಿಂದ ಮೇಲಕ್ಕೆ ಹತ್ತುತ್ತಿರಲಿಲ್ಲ.

ಈಗ ಆ ಮನೆ ಬಾಡಿಗೆಗೆ ಸಿಗುತ್ತದೆ. ಹೋದ ಜುಲೈನಲ್ಲಿ ಶಾಲೆಗೆ ಚಳಿಗಾಲದ ರಜೆ ಬಿಟ್ಟಾಗ ಭೇಕಾನಿ ಅದನ್ನು ಒಂದು ವಾರಕ್ಕೆ ಹಿಡಿದ. ಅಮ್ಮನಿಗೆ ಕಡಲಿಗೆ ಹೋಗುತ್ತಿದ್ದೇವೆ ಅಂದನೇ ಹೊರತು ಯಾವ ಮನೆ ಅಂತ ಬಾಯಿ ಬಿಡಲಿಲ್ಲ.

"ಹೇಳಿಬಿಡೋದು ಒಳ್ಳೇದು" ಅಂದೆ ನಾನು.

"ಬೇಡ ಥೋಬಿಲೆ. ಅವಳ ಮುಖ ನೋಡ್ಬೇಕು ನಾನು."

ನೋಡಿದೆವು. ಕಾರು ಗೇಟಿನ ಮುಂದೆ ನಿಂತಿತು. ಅತ್ತೆ ಮನೆಯನ್ನು ನೋಡಿದರು, ಮಗನನ್ನು ನೋಡಿದರು. ಇಳಿದವರೇ ಪಕ್ಕದ ದಾರಿಯಿಂದ ಹಿತ್ತಲಿಗೆ ಹೋಗಿ ಅಡುಗೆಮನೆಯ ಬಾಗಿಲ ಹತ್ತಿರ ಗಂಟು ಇಟ್ಟುಕೊಂಡು ನಿಂತರು.

"ಅಮ್ಮಾ, ಮುಂಬಾಗಿಲು ಈ ಕಡೆ!" ಭೇಕಾನಿ ಕೂಗಿದ.

"ಈ ಮನೆ ಬಾಗಿಲು ಎಲ್ಲಿದೆ ಅಂತ ನನಗೆ ಹೇಳಿಕೊಡ್ತೀಯೇನೋ?"

ಮಕ್ಕಳಿಬ್ಬರೂ ನಕ್ಕರು. ಭೇಕಾನಿಯೂ ನಕ್ಕ. ಆದರೆ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಜಗಲಿಯ ಮರಳು ಗುಡಿಸುತ್ತಿದ್ದರು.

"ಪೊರಕೆ ಕೆಳಗಿಡಮ್ಮ. ನೀನು ಬಂದಿರೋದು ಕೂತ್ಕೊಳ್ಳೋಕೆ. ಟೀ ನಾನು ಮಾಡ್ತೀನಿ."

"ಕೂತ್ರೆ ಸೊಂಟ ಹಿಡಿಯುತ್ತೆ. ನಿನ್ನ ಟೀ ಕುಡಿದ್ರೆ ಹೊಟ್ಟೇನೂ ಹಿಡಿಯುತ್ತೆ."

ಅಂತೂ ಕೂತರು. ಕುರ್ಚಿಯ ಅಂಚಿಗೆ, ಯಾರಾದರೂ ಕರೆದರೆ ಎದ್ದು ಓಡುವ ಹಾಗೆ.

ಅವತ್ತೇ ಬೂತಾಯಿ ಬಂತು. ನೀರಿನೊಳಗೆ ಎಣ್ಣೆ ಚೆಲ್ಲಿದಂಥ ಕಪ್ಪು ಛಾಯೆ ದಡದತ್ತ ಸರಿಯಿತು. ಅದರ ಮೇಲೆ ಬಿಳಿ ಕಡಲಹಕ್ಕಿಗಳು ರೆಕ್ಕೆ ಮಡಚಿ, ಆಕಾಶದಿಂದ ಯಾರೋ ಕಲ್ಲೆಸೆದ ಹಾಗೆ ಬೀಳುತ್ತಿದ್ದವು. ಆಚೆ ಡಾಲ್ಫಿನ್‌ಗಳು ಸಾಲುಗಟ್ಟಿ ಹಿಂಡನ್ನು ಒತ್ತರಿಸುತ್ತಿದ್ದವು. ಇನ್ನೂ ದೂರದಲ್ಲಿ ಒಂದು ತಿಮಿಂಗಿಲ ಉಸಿರು ಬಿಟ್ಟಿದ್ದನ್ನು ನನ್ನ ಮಗಳು ಖನ್ಯಾ ಎಲ್ಲರಿಗಿಂತ ಮೊದಲು ಕಂಡು ಕಿರುಚಿದಳು. ಊರಿಗೆ ಊರೇ ಬಕೆಟ್ಟು, ಚೀಲ ಹಿಡಿದು ನೀರಿಗಿಳಿಯಿತು. ಹೆಂಗಸರು ಲಂಗದಲ್ಲೇ ಮೀನು ಬಾಚಿದರು. ಭೇಕಾನಿ ಅಂಗಿ ಬಿಚ್ಚಿ ಅದರಲ್ಲಿ ಮೀನು ತುಂಬಿಕೊಂಡು ಬಂದ. ಅವನು ಅಷ್ಟು ಚಿಕ್ಕ ಹುಡುಗನಂತಾಗಿದ್ದನ್ನು ನಾನು ಮದುವೆಯಾದ ಮೇಲೆ ನೋಡಿಯೇ ಇರಲಿಲ್ಲ.

ಆರು ವರ್ಷದ ಸಂಡೀಲೆ ಮಾತ್ರ ನನ್ನ ಕಾಲು ಬಿಡಲಿಲ್ಲ. ಅವನಿಗೆ ನೀರೆಂದರೆ ಭಯ.

"ಇವನನ್ನ ನನಗೆ ಬಿಡು" ಅಂದರು ಅತ್ತೆ.

ಕಡಲು ಇಳಿದು ಬಂಡೆಗಳ ನಡುವೆ ಹೊಂಡಗಳು ತೆರೆದಿದ್ದವು. ಅತ್ತೆ ತಮ್ಮ ಹೊದಿಕೆಯನ್ನು ಸೊಂಟಕ್ಕೆ ಕಟ್ಟಿ, ಮೊಮ್ಮಗನ ಕೈ ಹಿಡಿದು ಒಂದು ಹೊಂಡದ ಪಕ್ಕ ಕುಳಿತರು. ಮುಳ್ಳಿನ ಚೆಂಡಿನಂಥ ಜೀವಿಗಳು, ಕೆಂಪು ನಕ್ಷತ್ರಮೀನು, ಇನ್ನೊಬ್ಬರ ಚಿಪ್ಪಿನಲ್ಲಿ ಸಂಸಾರ ಹೂಡಿದ ಏಡಿ. ಅತ್ತೆ ಒಂದು ಚಿಪ್ಪನ್ನು ಒಡೆದು ಅದರ ಮಾಂಸವನ್ನು ನೀರಿನಲ್ಲಿ ಅಲ್ಲಾಡಿಸಿದರು. ಬಿರುಕಿನೊಳಗಿಂದ ಸಣ್ಣ ಆಕ್ಟೋಪಸ್ಸಿನ ಒಂದು ತೋಳು ಬಂತು, ಮುಟ್ಟಿತು, ಹಿಂದೆ ಹೋಯಿತು, ಮತ್ತೆ ಬಂತು. ಸಂಡೀಲೆ ಉಸಿರು ಹಿಡಿದು ನೋಡಿದ. ಆಮೇಲೆ ತಾನೇ ಬೆರಳು ಚಾಚಿದ. ಆ ತೋಳು ಅವನ ಬೆರಳನ್ನು ಸುತ್ತಿಕೊಂಡಿತು.

"ಅಜ್ಜೀ, ನನ್ನ ಹಿಡ್ಕೊಂಡಿದೆ! ಬಿಡ್ತಾನೇ ಇಲ್ಲ!"

ಅತ್ತೆ ಬಾಯ್ತುಂಬ ನಕ್ಕರು. "ಜಗ್ಗಬೇಡ, ಅದಕ್ಕೆ ನೋವಾಗುತ್ತೆ. ಮೆಲ್ಲಗೆ ಬಿಡಿಸ್ಕೊ. ಹಾಗೇ, ಕ್ರೇಗ್, ಮೆಲ್ಲಗೆ."

ಮೀನಿನ ಗಂಟು ಹಿಡಿದು ಭೇಕಾನಿ ನಮ್ಮ ಹಿಂದೆಯೇ ಬಂದು ನಿಂತಿದ್ದ. ಅವನು ಕೇಳಿಸಿಕೊಂಡ. ಅತ್ತೆಗೂ ಗೊತ್ತಾಯಿತು.

"ನಾಲಿಗೆ ತಪ್ಪಿತು" ಅಂದರು.

"ತಪ್ಪಲಿಲ್ಲ ಬಿಡು. ಅಭ್ಯಾಸ ಅದು."

ಅವನು ಮೀನಿನ ಗಂಟು ತಂದು ಅಡುಗೆಮನೆಯಲ್ಲಿಟ್ಟ. ಬೂತಾಯಿಗೆ ಖಾರ ಹಚ್ಚಿ ಹುರಿದು, ಉದುರುದುರಾಗಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನ ಜೊತೆ ಜಗಲಿಯಲ್ಲಿ ಬಡಿಸಿದೆ. ಮಕ್ಕಳು ತಿಂದು ಹುಲ್ಲಿನ ಮೇಲೆ ಓಡಿದರು. ಆಗ ಭೇಕಾನಿ ಕೇಳಿದ.

"ಅವನಿಗೂ ಹೀಗೇ ತೋರಿಸ್ತಿದ್ದೆಯಾ? ಆಕ್ಟೋಪಸ್ಸು, ನಕ್ಷತ್ರಮೀನು?"

"ಹೂಂ. ಅದೇ ನನ್ನ ಕೆಲಸ."

"ಅವನೂ ನಾನೂ ಒಂದೇ ವಯಸ್ಸು. ನನಗೆ ಏನು ತೋರಿಸಿದೆ ಅಮ್ಮಾ?"

"ಕಡಲನ್ನ ಹೊತ್ಕೊಂಡು ಮ್ಸಿಂಗಾಕ್ಕೆ ಬರೋಕಾಗ್ತಿತ್ತೇನೋ?"

"ನನ್ನನ್ನ ಇಲ್ಲಿಗೆ ಕರ್ಕೊಂಡು ಬರಬಹುದಿತ್ತು. ಒಂದೇ ಒಂದ್ಸಲ."

ಅತ್ತೆ ತಟ್ಟೆಯಲ್ಲಿದ್ದ ಮುಳ್ಳುಗಳನ್ನು ಒಂದು ಬದಿಗೆ ಸರಿಸಿದರು. "ಕರ್ಕೊಂಡು ಬಂದಿದ್ದೆ" ಅಂದರು.

"ಭೇಕಾನಿ, ಸಾಕು ಬಿಡು" ಅಂದೆ. ಅವನು ನನ್ನ ಕಡೆ ತಿರುಗಲಿಲ್ಲ.

"ಆಗ ನಿನಗೆ ನಾಲ್ಕು ವರ್ಷ. ಅಜ್ಜಿ ಆಸ್ಪತ್ರೆ ಸೇರಿದ್ದಳು, ನಿನ್ನ ನೋಡೋರು ಯಾರೂ ಇರಲಿಲ್ಲ. ಆಗಿನ ಕಾನೂನಲ್ಲಿ ನಮ್ಮ ಮಕ್ಕಳು ಬಿಳಿಯರ ಊರಲ್ಲಿ ಇರೋ ಹಾಗಿರಲಿಲ್ಲವಲ್ಲ, ಮೇಡಂ ಹತ್ರ ಬೇಡ್ಕೊಂಡೆ. ಕಣ್ಣಿಗೆ ಕಾಣಬಾರ್ದು, ಕಿವಿಗೆ ಕೇಳಬಾರ್ದು, ಪೊಲೀಸರು ಬಂದ್ರೆ ನನಗೆ ಗೊತ್ತಿಲ್ಲ ಅಂದಳು. ಹಿಂದೆ ಒಂದು ಕೋಣೆ ಇದೆಯಲ್ಲ, ಈಗ ಕುರ್ಚಿ ತುಂಬಿದಾರಲ್ಲ, ಅಲ್ಲೇ ಇದ್ದೆ ನೀನು. ನಾನು ಕ್ರೇಗ್‌ನ ಕಡಲಿಗೆ ಕರ್ಕೊಂಡು ಹೋಗೋವಾಗ ನೀನು ಹಿಂದೆ ಓಡಿ ಬರ್ತಿದ್ದೆ. ಅದಕ್ಕೆ ಹೊರಗಿಂದ ಚಿಲಕ ಹಾಕ್ತಿದ್ದೆ. ಅಲೆ ಶಬ್ದ ಕೇಳಿ, ಅದೇನಮ್ಮ ಅಂತ ಕೇಳ್ತಿದ್ದೆ. ಲಾರಿ ಅಂತ ಹೇಳಿದೆ ನಾನು."

ಕೆಳಗೆ ಹಕ್ಕಿಗಳು ಇನ್ನೂ ಬೀಳುತ್ತಲೇ ಇದ್ದವು.

"ಚಿಲಕ ಹಾಕಿದ್ದು ಮೇಡಂ ಅಲ್ಲ" ಭೇಕಾನಿ ಅಂದ. "ನೀನು."

"ಹೌದು. ನಾನೇ."

"ಅವನ ಕೈ ಹಿಡ್ಕೊಂಡು, ನಗ್ತಾ, ಇವತ್ತು ನಕ್ಕ ಹಾಗೆ."

"ಆ ಮಗು ಏನು ಮಾಡಿತ್ತೋ? ಅಳೋ ಮುಖ ಇಟ್ಕೊಂಡು ಮಗು ಆಡಿಸೋಕಾಗುತ್ತಾ? ಕೆಲಸದಿಂದ ತೆಗೀತಿದ್ರು. ನೀನೂ ಅಜ್ಜೀನೂ ಏನು ತಿಂತಿದ್ರಿ, ಈ ಗಾಳಿಯಾ?" ಅತ್ತೆ ತಟ್ಟೆಯನ್ನು ದೂರ ತಳ್ಳಿದರು. "ನಿನ್ನನ್ನ ಯಾರು ಕೇಳಿದ್ರು ಈ ಮನೆಗೆ ನನ್ನ ತಂದು ಕೂರಿಸು ಅಂತ? ನಾನು ಕೇಳಿದ್ನಾ?"

ಅವನು ಎದ್ದು ಹಿತ್ತಲಿಗೆ ಹೋದ. ಕೋಣೆಯೊಳಗಿನ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಹಾಕುವ ಸದ್ದು ಕೇಳಿಸಿತು. ನಾನು ಹೋಗಿ ನೋಡಿದಾಗ ಖಾಲಿ ಸಿಮೆಂಟಿನ ನೆಲದ ಮೇಲೆ ನಿಂತು ಸುತ್ತ ನೋಡುತ್ತಿದ್ದ. ಕಿಟಕಿ ತಲೆಗಿಂತ ಮೇಲಿತ್ತು, ಅದೂ ಗುಡ್ಡದ ಕಡೆಗೆ.

"ನನಗೇನೂ ನೆನಪಿಲ್ಲ ಥೋಬಿಲೆ" ಅಂದ. "ನೆನಪಿದ್ದಿದ್ರೆ ಇಷ್ಟು ಹೊತ್ತಿಗೆ ಹಳೇದಾಗಿರೋದು."

"ಅವರಿಗೆ ಬೇರೆ ದಾರಿ ಇರಲಿಲ್ಲ."

"ಗೊತ್ತು. ಗೊತ್ತಿರೋದ್ರಿಂದಾನೇ ಬೈಯೋಕೂ ಆಗ್ತಿಲ್ಲ."

ಮರುದಿನ ಅತ್ತೆ ಮಕ್ಕಳನ್ನು ಕರೆದುಕೊಂಡು ಹೊಂಡಗಳ ಕಡೆ ಹೋದರು. ಭೇಕಾನಿ ಕಾರಿನಲ್ಲಿ ಬಾಗಿಲು ಹಾಕಿಕೊಂಡು ಕೂತ. ಡಾಲ್ಫಿನ್‌ಗಳು ದಡಕ್ಕೆ ತೀರ ಹತ್ತಿರ ಬಂದಿವೆ ಎಂದು ಖನ್ಯಾ ಓಡಿ ಬಂದು ಗಾಜು ಬಡಿದರೂ ಇಳಿಯಲಿಲ್ಲ. ವಾರ ಮುಗಿಯುವ ಮೊದಲೇ ಗಂಟು ಕಟ್ಟಿದೆವು. ಮ್ಸಿಂಗಾದಲ್ಲಿ ಅತ್ತೆಯನ್ನು ಇಳಿಸಿದಾಗ ಅವನು ಚೀಲಗಳನ್ನು ಒಳಗಿಟ್ಟು ಬಂದ, ಟೀ ಕುಡಿಯಲು ಕೂರಲಿಲ್ಲ.

ಅಮ್ಮನಿಗೆ ತಿಂಗಳ ಸಾಮಾನು ತಪ್ಪದೆ ಕಳಿಸುತ್ತಾನೆ. ಮನೆಗೆ ಹೊಸ ತಗಡು ಹಾಕಿಸಿದ್ದಾನೆ. ಹೋಗುವುದು ಮಾತ್ರ ನಾನು ಮತ್ತು ಮಕ್ಕಳು. ಕ್ರಿಸ್ಮಸ್‌ಗೂ ಹಾಗೇ ಆಯಿತು.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಸಂಡೀಲೆಗೆ ಈಜು ಕಲಿಸಿ, ಭಯ ಬಿಟ್ಟ ಮೇಲೆ ತಡ ಮಾಡಬೇಡಿ ಅಂದರು. ಆಮೇಲೆ, "ಅವನಿದ್ದಾನಾ?" ಅಂತ ಕೇಳಿದರು. ಭೇಕಾನಿ ಎದುರಿಗೇ ಕೂತಿದ್ದ. ಫೋನ್ ಚಾಚಿದೆ.

"ಮನೇಲಿಲ್ಲ ಅನ್ನು" ಅಂದ. ತಗ್ಗಿಸಿದ ದನಿಯಲ್ಲೇನಲ್ಲ.

ನಾನು ಫೋನ್ ಕಿವಿಗಿಟ್ಟುಕೊಂಡೆ. ಅತ್ತೆಗೆ ಕೇಳಿಸಿತ್ತು.

"ಇರಲಿ ಬಿಡು" ಅಂದರು. "ಬಂದ ಮೇಲೆ ಊಟ ಮಾಡಿಸು."