ಪಂಚಮಿಯ ಮರುದಿನದ ಬುತ್ತಿ

ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ ಎಂಬುದನ್ನು ಬೀರವ್ವ ಶಿಗ್ಲಿಯ ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಹೊಲದಲ್ಲಿ ಕಳೆ ಬೆಳೆದು ನಿಂತಿದೆ, ಈ ಸಲ ಬರುವುದಿಲ್ಲ ಎಂದು ನಾನೇ ಹೇಳಿ ಕಳಿಸಿದೆ ಎಂದು ಕೇಳಿದವರಿಗೆಲ್ಲ ಹೇಳಿದಳು. ಎದುರುಮನೆಯ ಜೈಬುನ್ನೀಸಾ ನಂಬಲಿಲ್ಲ. ಹಬ್ಬ ಹತ್ತಿರ ಬಂದಾಗ ಬೀರವ್ವ ಹೊಸ ಬಳೆ ಇಡಿಸಿಕೊಂಡದ್ದನ್ನೂ, ಇದ್ದ ಒಂದು ರೇಷ್ಮೆ ಸೀರೆಯನ್ನು ಮಡಚಿ ಚೀಲಕ್ಕೆ ತುಂಬಿದ್ದನ್ನೂ ಅವಳು ಕಂಡಿದ್ದಳು. ಆದರೂ ಬಿಡಿಸಿ ಕೇಳಲಿಲ್ಲ.

ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಅಪ್ಪ ಇರುವ ತನಕ ಅಪ್ಪ, ಆಮೇಲೆ ಅಣ್ಣ ಸಕ್ರಪ್ಪ, ಡಂಬಳದಿಂದ ಬಸ್ಸು ಹತ್ತಿ ಬಂದು, ಒಂದು ತುತ್ತು ಉಂಡು, ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಅವ್ವ ಸತ್ತ ವರ್ಷವೂ ಸಕ್ರಪ್ಪ ಬಂದಿದ್ದ. ಅವ್ವ ಇಲ್ಲ ಅಂತ ತವರು ಇಲ್ಲ ಅಂದ್ಕೋಬ್ಯಾಡ ಎಂದಿದ್ದ.

ಈ ಸಲ ಯಾಕೆ ತಪ್ಪಿತು ಎಂಬುದು ಅವಳಿಗೆ ಗೊತ್ತಿತ್ತು. ಡಂಬಳದ ಹೊಲದಲ್ಲಿ ಕರೆಂಟು ತಯಾರಿಸುವ ಗಾಳಿ ಫ್ಯಾನು ನಿಲ್ಲಿಸುತ್ತೇವೆ ಎಂದು ಒಂದು ಕಂಪನಿಯವರು ಕೇಳಿಕೊಂಡು ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಹೊಲದ ಪಹಣಿ ಉತಾರದಲ್ಲಿ ಅಣ್ಣನ ಹೆಸರಿನ ಜೊತೆ ತಂಗಿಯ ಹೆಸರೂ ಹತ್ತಿತ್ತು. ನಿನ್ನ ಹಕ್ಕು ಬಿಟ್ಟೆ ಎಂದು ಸಹಿ ಮಾಡಿಬಿಡು ಎಂದು ಸಕ್ರಪ್ಪ ಫೋನಿನಲ್ಲಿ ಹೇಳಿದಾಗ ಬೀರವ್ವ, ಪಂಚಮಿಗೆ ಬರುತ್ತೇನಲ್ಲ, ಆಗ ಕೂತು ಮಾತಾಡೋಣ ಎಂದಿದ್ದಳು. ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಹೊಲ ಹೋದರೆ ಹೋಗಲಿ, ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕೂತು, ಹಬ್ಬದ ಊಟ ಉಂಡು, ಎಲ್ಲರೂ ನೋಡುವಂತೆ ಅಣ್ಣನಿಗೆ ಕೊಟ್ಟು ಬರಬೇಕು ಎಂಬ ಆಸೆ. ಸಕ್ರಪ್ಪ ಆ ಮಾತನ್ನು ಹೇಗೆ ತಿಳಿದುಕೊಂಡನೋ, ಅಂದಿನಿಂದ ಅವನ ಫೋನು ಬರುವುದು ನಿಂತಿತು.

ಹಬ್ಬದ ಮರುದಿನ ಸಂಜೆಗೆ ಅಣ್ಣನ ಮಗ ಮಾಂತೇಶ ಬೈಕಿನಲ್ಲಿ ಬಂದು ಬಾಗಿಲ ಮುಂದೆ ನಿಂತ. ಅವನನ್ನು ಕಂಡದ್ದೇ ಬೀರವ್ವನ ಎದೆ ಹಗುರಾಯಿತು. ತಡವಾದರೂ ಕರೆಯಲು ಬಂದರಲ್ಲ ಎಂದುಕೊಂಡಳು. ಅವಳ ಕಣ್ಣು ಮೂಲೆಯಲ್ಲಿದ್ದ ಚೀಲದ ಕಡೆಗೆ ಹೋಯಿತು. ಮಾಂತೇಶ ಗಾಡಿಗೆ ತೂಗುಹಾಕಿದ್ದ ಗಂಟೊಂದನ್ನು ಬಿಚ್ಚಿ ಅವಳ ಕೈಗೆ ಕೊಟ್ಟ. ಬುತ್ತಿ ಭಾರವಾಗಿತ್ತು.

ಚಹಾ ಕುಡಿಯುತ್ತ ಅವನು ಹಬ್ಬದ ಸುದ್ದಿ ಹೇಳಿದ. ಹುಲಕೋಟಿಯಿಂದ ಅವನ ತಾಯಿ ಶೈಲಾಳ ಅಕ್ಕತಂಗಿಯರು ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರಂತೆ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರಂತೆ. ಮನೆ ತುಂಬಿತ್ತಂತೆ. ಅವನ ಮಾತಿನಲ್ಲಿ ಕಪಟವಿರಲಿಲ್ಲ.

"ಭಾಳ ಉಳದಿತ್ತು ಅತ್ತಿ. ಕೆಡಸೂದು ಯಾಕ, ನಿಮಗ ಮುಟ್ಟಿಸಿ ಬಾ ಅಂದ್ಲು ಅವ್ವ," ಎಂದ. "ಮತ್ತ ನಾಳಿ ಅಪ್ಪ ಬರ್ತಾನ. ಲಕ್ಷ್ಮೇಶ್ವರದಾಗ ಸಹಿ ಮಾಡೂದೈತಂತ, ನೀವು ಮನ್ಯಾಗ ಇರಬೇಕಂತ."

ಅವನು ಹೋದ ಮೇಲೆ ಬೀರವ್ವ ಗಂಟು ಬಿಚ್ಚಿದಳು. ಹಬ್ಬದ ಹಿಂದಿನ ದಿನ, ರೊಟ್ಟಿ ಪಂಚಮಿಗೆ, ತಟ್ಟಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಮುರಿದು ಚೂರಾಗಿದ್ದವು. ಶೇಂಗಾ ಉಂಡಿ, ಎಳ್ಳುಂಡಿ ಅರ್ಧಕ್ಕರ್ಧ ಪುಡಿಯಾಗಿದ್ದವು. ಡಬ್ಬಿಯಲ್ಲಿದ್ದ ಮಡಿಕೆ ಕಾಳಿನ ಉಸುಳಿ ಹಳಸಿ ನೂಲು ಬಿಟ್ಟಿತ್ತು. ಉಂಡಿಗಳನ್ನು ಆರಿಸುವಾಗ ಒಂದು ಎಳ್ಳುಂಡಿ ಕೈಗೆ ಬಂತು. ಅದನ್ನು ಯಾರೋ ಕಡಿದು ಬಿಟ್ಟಿದ್ದರು. ಹಲ್ಲಿನ ಗುರುತು ಹಾಗೇ ಮೂಡಿತ್ತು.

ಗಂಡ ಸುಭಾಸ ಎಲ್ಲವನ್ನೂ ನೋಡಿದ. ಸಿಟ್ಟಿನ ಮನುಷ್ಯನಲ್ಲ ಅವನು. ಆದರೂ ಇದನ್ನು ಒಯ್ದು ಎಮ್ಮೆಗೆ ಹಾಕು ಎಂದ. ಬೀರವ್ವ ಉಸುಳಿಯನ್ನಷ್ಟೇ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು. ಕಡಿದ ಉಂಡಿಯನ್ನು ಬೇರೆ ತೆಗೆದು ಗೋಡೆಯ ಮಾಡಿನಲ್ಲಿಟ್ಟಳು. ಉಳಿದದ್ದನ್ನು ಬುಟ್ಟಿಯಲ್ಲಿ ಮುಚ್ಚಿದಳು.

ಹಬ್ಬದ ಮರುದಿನದ ಅಡಿಗೆ ಅವಳಿಗೆ ಸಣ್ಣವಳಿದ್ದಾಗಿನಿಂದ ಬಂದ ವಿದ್ಯೆ. ಸಕ್ರಪ್ಪ ತಂಗಳ ಮುಟ್ಟುತ್ತಿರಲಿಲ್ಲ. ನಿನ್ನೆಯದು ಎಂದು ಗೊತ್ತಾದರೆ ತಾಟು ಸರಿಸಿ ಎದ್ದುಹೋಗುತ್ತಿದ್ದ. ಅವ್ವ ಹಾಸಿಗೆ ಹಿಡಿದ ಮೇಲೆ ಬೀರವ್ವನೇ ಒಲೆಯ ಮುಂದೆ ಕೂತು, ಉಳಿದದ್ದಕ್ಕೆ ಹೊಸ ರೂಪ ಕೊಟ್ಟು ಅಣ್ಣನಿಗೆ ಬಡಿಸುತ್ತಿದ್ದಳು. ತಾನು ಮಾತ್ರ ತಂಗಳನ್ನೇ ತಿನ್ನುತ್ತಿದ್ದಳು, ಹೊಸದು ಇಬ್ಬರಿಗೆ ಸಾಲುತ್ತಿರಲಿಲ್ಲ. ಅಣ್ಣ ಚಪ್ಪರಿಸಿ ಉಣ್ಣುತ್ತಿದ್ದರೆ ಅವ್ವ ಹಾಸಿಗೆಯಿಂದಲೇ ಅವಳ ಕಡೆ ನೋಡಿ ನಗುತ್ತಿದ್ದಳು. ಅದು ತಾಯಿ ಮಗಳ ಗುಟ್ಟಾಗಿತ್ತು.

ಬೆಳಿಗ್ಗೆ ಎದ್ದು ಒಲೆ ಹಚ್ಚಿದಳು. ರೊಟ್ಟಿ ಚೂರುಗಳನ್ನು ಇನ್ನೂ ಸಣ್ಣಗೆ ಮುರಿದು ಹುಳಿಮಜ್ಜಿಗೆ ಚಿಮುಕಿಸಿ ನೆನೆಯಲು ಬಿಟ್ಟಳು. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಕರಿಬೇವು, ಉಳ್ಳಾಗಡ್ಡಿ ಹಾಕಿ ಬಾಡಿಸಿ, ನೆನೆದ ರೊಟ್ಟಿ ಸುರಿದು ಮಗುಚಿದಳು. ಮೇಲೆ ಹುರಿದ ಶೇಂಗಾ, ಕೊತಂಬರಿ. ಉಂಡಿಗಳನ್ನು ಒಳಕಲ್ಲಿನಲ್ಲಿ ಕುಟ್ಟಿ, ಯಾಲಕ್ಕಿ ಬೆರೆಸಿ, ಬಿಸಿನೀರು ಸಿಂಪಡಿಸಿ ಹೂರಣ ಮಾಡಿಕೊಂಡಳು. ಕಣಕದಲ್ಲಿ ತುಂಬಿ ಲಟ್ಟಿಸಿ ಹಂಚಿನ ಮೇಲೆ ಹಾಕಿದರೆ ಶೇಂಗಾ ಹೋಳಿಗೆಯ ವಾಸನೆ ಓಣಿಯ ತನಕ ಹೋಯಿತು. ಹೂರಣ ಕುಟ್ಟುವಾಗ ಒಮ್ಮೆ ಅವಳ ಕೈ ಮಾಡಿನಲ್ಲಿದ್ದ ಎಂಜಲು ಉಂಡಿಯ ಕಡೆಗೆ ಹೋಗಿತ್ತು. ಅದನ್ನೂ ಇದರಲ್ಲೇ ಕುಟ್ಟಿಬಿಡಲೇ ಅನ್ನಿಸಿತು. ಕೈ ಹಿಂದಕ್ಕೆ ತೆಗೆದುಕೊಂಡಳು.

ಸಕ್ರಪ್ಪ ಮಗನ ಬೈಕಿನಲ್ಲಿ ಬಂದ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಕೂಡಲೂ ಪುರುಸೊತ್ತಿಲ್ಲ, ಪತ್ರ ಬರೆಯುವವನು ಲಕ್ಷ್ಮೇಶ್ವರದ ಆಫೀಸಿನ ಮುಂದೆ ಕಾಯುತ್ತಿದ್ದಾನೆ ಎಂದ. ಉಣ್ಣದೆ ಹೋಗಬಾರದು ಎಂದು ಸುಭಾಸ ತಡೆದ. ವಾಸನೆ ಮೂಗಿಗೆ ಬಡಿದಿತ್ತು, ಸಕ್ರಪ್ಪ ಕೂತ. ರೊಟ್ಟಿ ಒಗ್ಗರಣೆಯನ್ನು ಎರಡನೆಯ ಸಲ ಹಾಕಿಸಿಕೊಂಡ. ಹೋಳಿಗೆಗೆ ತುಪ್ಪ ಬಿಡಿಸಿಕೊಂಡು ಕಣ್ಣು ಮುಚ್ಚಿ ತಿಂದ. ಹೀಗೆ ಮಾಡುವುದು ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ, ಹಬ್ಬಕ್ಕೆ ಅಷ್ಟು ಮಾಡಿದರೂ ಬಾಯಿಗೆ ಹತ್ತಲಿಲ್ಲ ಎಂದ.

ಬೀರವ್ವ ಮಾಡಿನಿಂದ ಆ ಎಳ್ಳುಂಡಿ ತಂದು ಅವನ ತಾಟಿನ ಪಕ್ಕದಲ್ಲಿಟ್ಟಳು.

"ನೀ ಉಂಡದ್ದು ನಿಮ್ಮನೀದ ಅಣ್ಣ," ಎಂದಳು. "ಹಬ್ಬದಾಗ ಉಳದದ್ದು ನಿನ್ನೆ ಮಾಂತೇಶ ತಂದುಕೊಟ್ಟ. ಇದೂ ಅದರಾಗ ಇತ್ತು."

ಸಕ್ರಪ್ಪ ಉಂಡಿಯನ್ನು ನೋಡಿದ. ಯಾವುದೋ ಹುಡುಗ ಕಡಿದಿಟ್ಟಿರಬೇಕು, ಶೈಲಾ ನೋಡಿರಲಿಕ್ಕಿಲ್ಲ ಎಂದ. ಎದ್ದು ಕೈ ತೊಳೆದುಕೊಂಡ. ಟವೆಲಿನಿಂದ ಬಾಯಿ ಒರೆಸಿಕೊಂಡ. ಬೀರವ್ವ ಅವನ ಮುಖವನ್ನೇ ನೋಡುತ್ತಿದ್ದಳು. ತಪ್ಪಾತವ್ವ ಎಂದು ಒಂದು ಮಾತು ಅಂದಿದ್ದರೆ, ಅನ್ನದಿದ್ದರೂ ತಲೆ ತಗ್ಗಿಸಿ ಒಂದು ಗಳಿಗೆ ಸುಮ್ಮನೆ ನಿಂತಿದ್ದರೆ, ಅವಳು ಸೀರೆ ಬದಲಿಸಿ ಅವನ ಹಿಂದೆ ಹೊರಡುತ್ತಿದ್ದಳು.

"ಆತು, ಮನಸಿಗೆ ಹಚ್ಚಿಕೋಬ್ಯಾಡ," ಎಂದ ಸಕ್ರಪ್ಪ. "ಹೊತ್ತಾಗತೈತಿ. ಜಲ್ದಿ ಸೀರಿ ಉಟ್ಕೊಂಡು ಬಾ, ಸಹಿ ಮಾಡಿ ಬರೂಣು."

"ಹಬ್ಬಕ್ಕ ಯಾಕ ಕರೀಲಿಲ್ಲ?"

"ಕುಂತು ಮಾತಾಡೂಣು ಅಂದ್ಯಲ್ಲ ನೀನು. ಮಂದಿ ಬಂದಾಗ ಪಾಲಿನ ಮಾತು ತಗದರ ನನ್ನ ಮರ್ಯಾದಿ ಏನಾಗಬೇಕು?"

"ನಾ ಯಾವಾಗ ಪಾಲು ಕೇಳಿದೆ?"

"ಮತ್ತ ಕುಂತು ಮಾತಾಡೂದು ಏನಿರತೈತಿ?"

ಪಡಸಾಲೆಯಲ್ಲಿ ಕೂತು ಕೊಡಬೇಕೆಂದಿದ್ದ ಬೀರವ್ವನ ಆಸೆ ಹೀಗೆ ಕೇಳುವವನಿಗೆ ಹೇಳುವಂಥದ್ದಾಗಿರಲಿಲ್ಲ. ಸಹಿ ಮಾಡುವುದಿಲ್ಲ ಎಂದಷ್ಟೇ ಹೇಳಿ ತಾಟು ಎತ್ತಿಕೊಂಡು ಒಳಗೆ ಹೋದಳು.

ಸಕ್ರಪ್ಪ ಸುಭಾಸನ ಕಡೆ ತಿರುಗಿದ. ಅದು ಅಕಿಗೆ ಬಿಟ್ಟದ್ದು ಎಂದು ಸುಭಾಸ ಹೇಳಿದ. ಆಗ ಸಕ್ರಪ್ಪನ ದನಿ ಏರಿತು. ಹೊಟ್ಟೆಯಲ್ಲಿ ಇದನ್ನೇ ಇಟ್ಟುಕೊಂಡು ಉಂಡಿಯ ನೆಪ ಮಾಡುತ್ತಾಳೆ ಎಂದ, ಇನ್ನು ಡಂಬಳದ ದಾರಿ ಮರೆತುಬಿಡು ಎಂದು ತಂಗಿಗೆ ಕೇಳುವಂತೆ ಕೂಗಿದ. ಬೀರವ್ವ ಒಳಗೆ ನಿಂತು ಎಲ್ಲವನ್ನೂ ಕೇಳಿದಳು. ಗಾಡಿ ಚಾಲೂ ಆದಾಗ ಓಡಿಹೋಗಿ ನಿಲ್ಲಿಸಬೇಕು ಅನ್ನಿಸಿತು. ಕೈಯಲ್ಲಿದ್ದ ತಾಟನ್ನು ಬಚ್ಚಲಲ್ಲಿಟ್ಟು ತೊಳೆಯತೊಡಗಿದಳು. ಸುಭಾಸ ಒಳಗೆ ಬಂದು, ಸರಿ ಮಾಡಿದಿ ಎಂದ. ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಅಂದು ಅವಳು ಊಟ ಮಾಡಲಿಲ್ಲ.

ಕಂಪನಿಯವರು ಕಾದು ನೋಡಿ, ಪಕ್ಕದ ಹುಲಗಪ್ಪನ ಹೊಲ ಹಿಡಿದರು. ಕೈಗೆ ಬಂದ ತುತ್ತನ್ನು ಒಡಹುಟ್ಟಿದವಳೇ ಕಸಿದಳು ಎಂದು ಸಕ್ರಪ್ಪ ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗಿದ. ಹೊಲ ಇವತ್ತಿಗೂ ಇಬ್ಬರ ಹೆಸರಿನಲ್ಲೇ ಇದೆ. ಬಿತ್ತುವವನೂ ಬೆಳೆ ಒಯ್ಯುವವನೂ ಅವನೇ. ಬೀರವ್ವ ಒಂದು ಕಾಳನ್ನೂ ಕೇಳಿಲ್ಲ. ಕೇಳಲಿಲ್ಲ ಎಂಬುದನ್ನು ಡಂಬಳದಲ್ಲಿ ಯಾರೂ ನಂಬುವುದಿಲ್ಲ.

ಮುಂದೆ ಮುಂಡರಗಿಯಲ್ಲಿ ಬಳಗದವರ ಒಂದು ಮದುವೆಯಲ್ಲಿ ಶೈಲಾ ಎದುರಾದಳು. ಸುತ್ತ ಹೆಂಗಸರು ನೆರೆದಿದ್ದರು. ಶೈಲಾ ಬೀರವ್ವನ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ, "ಬರೂ ಪಂಚಮಿಗೆ ತಪ್ಪಸಬ್ಯಾಡ ಬೀರವ್ವ," ಎಂದಳು.

"ಬರ್ತೀನಿ ವೈನಿ," ಎಂದಳು ಬೀರವ್ವ.

ಹೆಂಗಸರಿಗೆ ಸಮಾಧಾನವಾಯಿತು. ಶೈಲಾ ಕೈ ಬಿಟ್ಟಳು. ಗಂಡಸರ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಸಕ್ರಪ್ಪ ತಲೆ ಎತ್ತಲಿಲ್ಲ. ಬೀರವ್ವ ವಧುವರರ ಮೇಲೆ ಅಕ್ಕಿಕಾಳು ಹಾಕಿ, ಊಟಕ್ಕೆ ನಿಲ್ಲದೆ, ಗಂಡನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.